ನೆಲದ ಮೇಲಿನ ಕೆಂಪು ಪಾದ

“ಗುರುಗಳೇ, ಫೋಟೋಗೆ ನಿಲ್ಲಿಸುವ ನಿಯಮವನ್ನು ಮುರಿದವನು ಕಸುಬುದಾರನೋ, ಸೊಕ್ಕಿನವನೋ?”

ಕೇಳಿದವನು ಚಂದ್ರಾಮ. ಗುರುವಿನ ಬಳಿ ಕ್ಯಾಮೆರಾ ಹಿಡಿಯುವುದನ್ನು ಕಲಿತು, ಬಟ್ಟೆ ಕಂಪನಿಗಳ ಜಾಹೀರಾತಿಗೆ ಫೋಟೋ ತೆಗೆದು ಬದುಕುತ್ತಿದ್ದವನು. ಅಂದು ಬೆಳಿಗ್ಗೆ ಒಂದು ಕಂಪನಿಯವರು ಅವನ ಫೋಟೋಗಳನ್ನು ಮೇಜಿನ ಮೇಲೆ ಎಸೆದಿದ್ದರು. “ಹುಡುಗಿ ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತಿದ್ದಾಳೆ, ಇದೇನು ಬಸ್ ಸ್ಟ್ಯಾಂಡೇ? ಸರಿಯಾಗಿ ನಿಲ್ಲಿಸಿ ತೆಗೆದುಕೊಡು. ಇಲ್ಲವೇ ಈ ಕಡೆ ತಲೆ ಹಾಕಬೇಡ” ಎಂದಿದ್ದರು. ನಾಳೆ ಹೋಗಿ ಅವರ ಮುಂದೆ ತಲೆ ತಗ್ಗಿಸಬೇಕೋ ಬೇಡವೋ ಎಂಬುದು ಅವನ ಸಂಕಟ.

ಗುರುಗಳು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಸೀರೆ ವ್ಯಾಪಾರಿ ಇದ್ದ. ಅಂಗಡಿಯ ಮಾಳಿಗೆಯಲ್ಲಿ ಅವನದೇ ಫೋಟೋ ತೆಗೆಯುವ ಕೋಣೆ. ಆ ಕೋಣೆಯ ನೆಲದ ಮೇಲೆ ಕೆಂಪು ಎಣ್ಣೆಬಣ್ಣದಲ್ಲಿ ಎರಡು ಪಾದಗಳ ಗುರುತು. ಅವನ ಅಪ್ಪ ಬರೆಸಿದ್ದು. ಸೀರೆ ಉಟ್ಟು ಫೋಟೋಗೆ ನಿಲ್ಲಲು ಬಂದ ಹೆಂಗಸು ಯಾರೇ ಆಗಲಿ, ಆ ಪಾದಗಳ ಮೇಲೆಯೇ ಪಾದ ಇಡಬೇಕು. ಇಟ್ಟರೆ ಮೈ ತಾನಾಗಿ ಓರೆಯಾಗುತ್ತಿತ್ತು, ಸೊಂಟ ತಾನಾಗಿ ಬಳುಕುತ್ತಿತ್ತು. ಉಳಿದದ್ದನ್ನು ವ್ಯಾಪಾರಿ ಬಾಯಲ್ಲಿ ಹೇಳುತ್ತಿದ್ದ. ಗದ್ದ ಸ್ವಲ್ಪ ಕೆಳಗೆ. ಹಲ್ಲು ಕಾಣಬಾರದು. ಬೆರಳು ಹೂ ಹಿಡಿದ ಹಾಗೆ, ಹೂ ಇಲ್ಲದಿದ್ದರೂ. ಬೆನ್ನನ್ನಂತೂ ಎಂದೂ ತೋರಿಸಕೂಡದು. ಅಂಗಡಿಯ ಗೋಡೆಯ ಮೇಲಿನ ಹೆಂಗಸು ಲಕ್ಷ್ಮಿ ಇದ್ದ ಹಾಗೆ, ಅವಳು ಬೆನ್ನು ಹಾಕಿದರೆ ಗಲ್ಲಾಪೆಟ್ಟಿಗೆ ಬರಿದು ಎಂದು ಹೇಳಿಯೇ ಅಪ್ಪ ಕಣ್ಣು ಮುಚ್ಚಿದ್ದ. ಫೋಟೋದವರು ಬದಲಾದರು, ಹೆಂಗಸರು ಬದಲಾದರು, ಪಾದ ಬದಲಾಗಲಿಲ್ಲ. ಗೋಡೆಯ ತುಂಬ ಒಬ್ಬಳೇ ಹೆಂಗಸು ಬೇರೆ ಬೇರೆ ಮುಖ ತೊಟ್ಟು ನಿಂತ ಹಾಗಿತ್ತು.

ಆ ಅಂಗಡಿಗೆ ಹೊಸದಾಗಿ ಒಬ್ಬ ಫೋಟೋದವನು ಬಂದ. ಊರೂರು ಅಲೆದವನು. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ. ಈ ವ್ಯಾಪಾರಿ ಬೇಡವೆಂದವನನ್ನು ಆ ಪೇಟೆಯಲ್ಲಿ ಇನ್ನೊಬ್ಬರು ಸೇರಿಸುತ್ತಿರಲಿಲ್ಲ. ಹಾಗಾಗಿ ಹೇಳಿದಂತೆ ಮಾಡಿದ. ನಿಲ್ಲಿಸು ಎಂದರೆ ನಿಲ್ಲಿಸಿದ, ಬಳುಕಿಸು ಎಂದರೆ ಬಳುಕಿಸಿದ. ಹೊಟ್ಟೆ ತುಂಬಿತು. ಕಣ್ಣಿನ ಹಸಿವು ಹಾಗೇ ಉಳಿಯಿತು.

ಒಂದು ದಿನ ಕಚ್ಚೆ ಸೀರೆಗಳ ಗಂಟು ಬಂತು. ಕಚ್ಚೆ ಸೀರೆಯ ಚೆಲುವೆಲ್ಲ ಹಿಂದೆ. ಕಾಲುಗಳ ನಡುವೆ ಹಾಯ್ದ ಸೀರೆ ಹಿಂದೆ ಸೊಂಟಕ್ಕೆ ಸಿಕ್ಕಿಕೊಳ್ಳುತ್ತದೆ, ಹೆಜ್ಜೆ ಹಾಕಿದಾಗಲೇ ಅಂಚು ಬಿಚ್ಚಿಕೊಳ್ಳುತ್ತದೆ. ಉಟ್ಟು ನಿಲ್ಲಲು ಬಂದ ಹೆಂಗಸು ಕೆಂಪು ಪಾದಗಳ ಮೇಲೆ ಪಾದವಿಟ್ಟಳು. ಫೋಟೋದವನು ಕ್ಯಾಮೆರಾದಲ್ಲಿ ಕಣ್ಣಿಟ್ಟ. ಕಚ್ಚೆ ಕಾಣಲಿಲ್ಲ, ಅಂಚು ಕಾಣಲಿಲ್ಲ. ಬಟ್ಟೆಯ ಮೂಟೆಗೆ ಮುಖ ಅಂಟಿಸಿದ ಹಾಗೆ ಕಂಡಿತು.

ಅವನು ಕ್ಯಾಮೆರಾ ಇಳಿಸಿದ. “ಅಕ್ಕ, ಆ ಪಾದ ಬಿಡು. ತಿರುಗಿ ನಡಿ.”

“ಎಲ್ಲಿಗಣ್ಣ?”

“ನಿನ್ನ ಮನೆಗೆ. ಒಲೆಯ ಮೇಲೆ ಹಾಲಿಟ್ಟು ಮರೆತು ಬಂದಿದ್ದೀಯ ಅಂದುಕೋ.”

“ಅಯ್ಯೋ, ಹಾಲು ಉಕ್ಕಿದರೆ ನಮ್ಮತ್ತೆ ನನ್ನನ್ನೇ ಒಲೆ ಮೇಲೆ ಇಡ್ತಾಳೆ!” ಎಂದು ನಕ್ಕ ಹೆಂಗಸು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಡೆದಳು. ಕೈ ಬೀಸಿತು, ಹಿಮ್ಮಡಿ ಎದ್ದಿತು, ಕಚ್ಚೆ ಬಿಗಿಯಿತು, ಅಂಚು ಅರಳಿತು. ಫೋಟೋದವನು ಗುಂಡಿ ಒತ್ತಿದ. ಬಹಳ ದಿನಗಳ ಮೇಲೆ ಅವನ ಕಣ್ಣು ಉಂಡಿತು.

ಫೋಟೋ ನೋಡಿದ ವ್ಯಾಪಾರಿ ಕುಳಿತಲ್ಲಿಂದ ಎದ್ದ. “ಮುಖ ಎಲ್ಲೋ?”

“ಮಾರುವುದು ಸೀರೆ ತಾನೇ, ಸಾಹುಕಾರ್ರೇ?”

“ನನ್ನ ಅಂಗಡಿಗೇ ಲಕ್ಷ್ಮಿ ಬೆನ್ನು ಹಾಕಿ ಹೊರಟಿದ್ದಾಳೆ! ಓಡೋಕೆ ಅಂತ ಸೆರಗು ಬೇರೆ ಕಟ್ಟಿದ್ದಾಳೆ! ಪಾದದ ಮೇಲೆ ನಿಲ್ಲಿಸಿ ಈಗಲೇ ಇನ್ನೊಂದು ತೆಗಿ. ಇಲ್ಲದಿದ್ದರೆ ನಿನ್ನ ಪೆಟ್ಟಿಗೆ ಕಟ್ಟು.”

ಫೋಟೋದವನಿಗೆ ರಾತ್ರಿಯ ಊಟ ನೆನಪಾಯಿತು. ಮುಂದಿನ ಊರಿನ ದೂರ ನೆನಪಾಯಿತು. ಆಮೇಲೆ ಮುಖ ಅಂಟಿಸಿದ ಆ ಮೂಟೆ ನೆನಪಾಯಿತು. “ತೆಗೆಯುವುದಿಲ್ಲ” ಎಂದು ಪೆಟ್ಟಿಗೆಗೆ ಕೈ ಹಾಕಿದ.

ಬಾಗಿಲಲ್ಲಿ ನಿಂತಿದ್ದ ಹೆಂಗಸು ಹೇಳಿದಳು: “ಸಾಹುಕಾರ್ರೇ, ಫೋಟೋ ಒಳಗೆ ತೂಗುಹಾಕಿದರೆ ತಾನೇ ನಾನು ಬಿಟ್ಟು ಹೋಗೋದು? ಹೊರಗೆ, ಬಾಗಿಲ ಮೇಲೆ ತೂಗುಹಾಕಿ. ಬೀದಿಯಿಂದ ಒಳಗೇ ಬರ್ತೀನಿ.”

ವ್ಯಾಪಾರಿ ಬೀದಿಗೆ ಇಳಿದು ಬಾಗಿಲ ಮೇಲೆ ನೋಡಿದ. ಫೋಟೋವನ್ನು ಮನಸ್ಸಿನಲ್ಲೇ ಅಲ್ಲಿ ತೂಗುಹಾಕಿ ನೋಡಿದ. ಹೌದು, ಹೆಂಗಸು ಅಂಗಡಿಯೊಳಗೆ ನಡೆದು ಬರುತ್ತಿದ್ದಳು. ಫೋಟೋವನ್ನು ಆಳೆತ್ತರ ಮಾಡಿಸಿ ತೂಗುಹಾಕಿಸಿದ. ಸಂತೆಗೆ ಬಂದ ಹೆಂಗಸರು ಅವಳ ಬೆನ್ನು ಹಿಡಿದು ಒಳಗೆ ಬಂದರು. “ಅವಳು ಉಟ್ಟಿದ್ದನ್ನೇ ಕೊಡಿ” ಎಂದರು.

ವ್ಯಾಪಾರಿ ಹಿಗ್ಗಿದ. ಮರುದಿನವೇ ಬಣ್ಣದವನನ್ನು ಕರೆಸಿದ. ಅಪ್ಪನ ಪಾದಗಳನ್ನು ಕೆರೆಸಿ, ಗೋಡೆಯ ಕಡೆ ಮುಖ ಮಾಡಿದ ಎರಡು ಹೊಸ ಪಾದ ಬರೆಸಿದ. ಅದೇ ಕೆಂಪು. “ಇನ್ನು ಎಲ್ಲರೂ ಹೀಗೇ” ಎಂದ. ಪೇಟೆಯ ಉಳಿದ ವ್ಯಾಪಾರಿಗಳೂ ಕದ್ದು ನೋಡಿ ಹೋಗಿ ತಮ್ಮ ಮಾಳಿಗೆಗಳಲ್ಲಿ ಬರೆಸಿಕೊಂಡರು. ರೇಷ್ಮೆಯಾಗಲಿ, ನೂಲಾಗಲಿ, ಬೀದಿಯ ತುಂಬ ಬೆನ್ನುಗಳೇ ಬೆನ್ನುಗಳು. ಎಲ್ಲರ ಕೈಯೂ ಒಂದೇ ಅಳತೆಗೆ ಬೀಸುತ್ತಿತ್ತು. ಎಲ್ಲರ ಮನೆಯಲ್ಲೂ ಹಾಲು ಉಕ್ಕುತ್ತಿತ್ತು.

ಫೋಟೋದವನ ಸಂಬಳ ಏರಿತು. ಅವನೂ ಬೆನ್ನುಗಳನ್ನು ತೆಗೆಯುತ್ತ ಹೋದ.

ಹೀಗಿರುವಾಗ ಒಂದು ಕಸೂತಿ ಸೀರೆ ಬಂತು. ಹೊಲಿಗೆಯ ಕೆಲಸವೆಲ್ಲ ಎದೆಯ ಮೇಲೆ ಹಾಯುವ ಸೆರಗಿನಲ್ಲಿ. ಅದನ್ನು ಉಟ್ಟು ನಿಲ್ಲಲು ಅದೇ ಹೆಂಗಸು ಬಂದಳು. ಯಾರೂ ಹೇಳದೆ ಹೋಗಿ ಪಾದಗಳ ಮೇಲೆ ನಿಂತು ಗೋಡೆಗೆ ಮುಖ ಮಾಡಿದಳು. ಅಲ್ಲಿಂದಲೇ ಕೇಳಿದಳು: “ಕೈ ಎಷ್ಟು ಬೀಸಲಣ್ಣ?”

ಫೋಟೋದವನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅಂದು ಕಚ್ಚೆ ಸೀರೆಯಲ್ಲಿ ನಡೆದಾಗ ಇವಳಿಗೆ ಕೈ ಬೀಸಲು ಯಾರೂ ಅಳತೆ ಕೊಟ್ಟಿರಲಿಲ್ಲ.

“ಬೀಸಬೇಡ ಅಕ್ಕ. ಈ ಕಡೆ ತಿರುಗು. ಸುಸ್ತಾಗಿದ್ದರೆ ಕೂತುಕೋ.”

“ಸುಸ್ತಾಗದೆ ಏನು? ಬೆಳಗಿನಿಂದ ಎಲ್ಲ ಅಂಗಡಿಗಳಲ್ಲೂ ಗೋಡೆ ನೋಡಿ ನೋಡಿ ಸಾಕಾಗಿದೆ.” ಅವಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಮೊಣಕಾಲಿನ ಮೇಲೆ ಮೊಣಕೈ ಊರಿ, ಗದ್ದ ಎತ್ತಿ, ನಗದೆ ನೇರವಾಗಿ ಕ್ಯಾಮೆರಾವನ್ನು ನೋಡಿದಳು. ಸೆರಗಿನ ಕಸೂತಿಯೆಲ್ಲ ಎದುರಿಗೆ ಬಂತು. ಫೋಟೋದವನು ಗುಂಡಿ ಒತ್ತಿದ.

ಅಷ್ಟರಲ್ಲಿ ವ್ಯಾಪಾರಿ ಮೆಟ್ಟಿಲು ಹತ್ತಿ ಬಂದ. “ಹುಚ್ಚು ಹಿಡಿಯಿತೇನೋ? ಬೀದಿಗೆ ಮುಖ ಮಾಡಿದರೆ ಅಂಗಡಿ ಬಿಟ್ಟು ಹೋದ ಹಾಗಲ್ಲವೇ? ಬೆನ್ನು ತೋರಿಸಬೇಕು ಅನ್ನುವ ಶಾಸ್ತ್ರ ಕಲಿಸಿದವನೇ ನೀನು!”

“ನಾನು ಹೇಳಿದ್ದು ನಡಿ ಅಂತ. ಶಾಸ್ತ್ರ ಬರೆಸಿದ್ದು ನೀವು.”

ಫೋಟೋದವನು ಒಂದು ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಮಂಡಿಯೂರಿ, ಕೆಂಪು ಪಾದವನ್ನು ಉಜ್ಜತೊಡಗಿದ. ಬಣ್ಣ ಹಟಮಾರಿ, ಬೇಗ ಬಿಡಲಿಲ್ಲ. ಹೆಂಗಸು ಸೆರಗು ಕಟ್ಟಿ ಬಂದು ಇನ್ನೊಂದು ಪಾದವನ್ನು ಉಜ್ಜಿದಳು. “ಸೀರೆ! ಲೇ, ಸೀರೆ!” ಎಂದು ವ್ಯಾಪಾರಿ ಅರಚಿದ. ನೆಲ ಬರಿದಾಯಿತು.

“ಇಬ್ಬರೂ ಹೊರಗೆ ನಡೀರಿ” ಎಂದ ವ್ಯಾಪಾರಿ.

ಹೆಂಗಸು ಸೀರೆ ಬಿಚ್ಚಿಟ್ಟು ತನ್ನ ಸೀರೆ ಉಟ್ಟು ಹೋದಳು. ಫೋಟೋದವನು ಪೆಟ್ಟಿಗೆಯನ್ನು ಹೆಗಲಿಗೆ ಏರಿಸಿ ಇಳಿದ. ಅಂಗಡಿಗೆ ಅವನ ಬೆನ್ನು ಕಂಡಿತು, ಬೀದಿಗೆ ಮುಖ. ಎಲ್ಲಿಗೆಂದು ಅವನಿಗೆ ಗೊತ್ತಿರಲಿಲ್ಲ. ಹೆಜ್ಜೆ ಮಾತ್ರ ಅವನದೇ ಆಗಿತ್ತು.

ಗುರುಗಳು ಕತೆ ನಿಲ್ಲಿಸಿದರು.

ಚಂದ್ರಾಮನ ಮುಖ ಅರಳಿತು. ಅವನು ಎದ್ದು ನಿಂತ. “ತಿಳಿಯಿತು ಗುರುಗಳೇ. ನಾಳೆ ನಾನು ತಲೆ ತಗ್ಗಿಸುವುದಿಲ್ಲ. ಇನ್ನು ಮೇಲೆ ನನ್ನ ಕ್ಯಾಮೆರಾದ ಮುಂದೆ ಯಾರೇ ಬರಲಿ, ಕುಕ್ಕರಗಾಲಲ್ಲೇ ಕೂರಿಸುತ್ತೇನೆ. ಯಾರು ಏನು ಮಾಡುತ್ತಾರೋ ನೋಡಿಯೇ ಬಿಡೋಣ.”

“ತಲೆ ತಗ್ಗಿಸಬೇಡ,” ಎಂದರು ಗುರುಗಳು, “ಆದರೆ ಹೇಳಿ ಹೋಗು, ನಿನ್ನ ನೆಲಕ್ಕೆ ಯಾವ ಬಣ್ಣ ತರಿಸಲಿ?”