ಬಳೆಗಾರನ ಬೆರಳು

“ಗುರುಗಳೇ, ಒಬ್ಬನೇ ಇದ್ದಾಗ ನಾನು ಹಾಯಾಗಿರುತ್ತೇನೆ. ನಾಲ್ಕು ಜನರ ನಡುವೆ ಹೋದೊಡನೆ ನನ್ನ ಮಾತು, ನನ್ನ ನಡಿಗೆ ನನಗೇ ಅಪರಿಚಿತವಾಗುತ್ತವೆ. ನೋಡುವವರ ನಡುವೆ ಸಹಜವಾಗಿರುವುದು ಹೇಗೆ?” ಎಂದು ಮರುಳಯ್ಯನೆಂಬ ಶಿಷ್ಯ ಕೇಳಿದ.

ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬಳೆಗಾರನಿದ್ದ. ಅವನು ಗಾಜಿನ ಬಳೆ ತೊಡಿಸಿದರೆ ತೊಡಿಸಿದ್ದೇ ತಿಳಿಯುತ್ತಿರಲಿಲ್ಲ. ಹೆಂಗಸರು ತಮ್ಮತಮ್ಮಲ್ಲಿ ಮಾತಾಡುತ್ತ ಕೈ ಚಾಚಿರುತ್ತಿದ್ದರು. ಮಾತು ಮುಗಿಸಿ ನೋಡಿದರೆ ಕೈತುಂಬ ಬಳೆ.

ಒಮ್ಮೆ ಒಂದು ಮದುವೆ ಮನೆಯಲ್ಲಿ ದೂರದೂರಿನ ಹೆಂಗಸೊಬ್ಬಳು ಅವನ ಬೆರಳುಗಳ ನಯವನ್ನು ಮೆಚ್ಚಿ, ಉಳಿದವರನ್ನು ಕರೆದು ತೋರಿಸಿದಳು. ಎಲ್ಲರೂ ತಿರುಗಿ ನೋಡಿದರು. ಬಳೆಗಾರನೂ ತನ್ನ ಬೆರಳುಗಳನ್ನು ನೋಡಿಕೊಂಡ. ಇಪ್ಪತ್ತು ವರ್ಷಗಳಲ್ಲಿ ಅದೇ ಮೊದಲು. ಮುಂದಿನ ಬಳೆ ಒಡೆಯಿತು. ಅದರ ಮುಂದಿನದು ಹುಡುಗಿಯೊಬ್ಬಳ ಮಣಿಕಟ್ಟನ್ನು ಗೀರಿತು.

ಅಂದಿನಿಂದ ಯಾರಾದರೂ ನೋಡುತ್ತಿದ್ದರೆ ಅವನ ಬೆರಳು ಬಿಗಿಯುತ್ತಿತ್ತು. ಮನೆಯಲ್ಲಿ ಹೆಂಡತಿಗೆ ತೊಡಿಸುವಾಗ ಯಾವ ತೊಂದರೆಯೂ ಇಲ್ಲ. ಹೊರಗೆ ಹೋದರೆ ಅದೇ ಪಾಡು. ಬೇರೆ ಕಡೆ ನೋಡಿರೆಂದು ಹೆಂಗಸರನ್ನು ಬೇಡಿಕೊಂಡ. ಅವರು ಇನ್ನಷ್ಟು ಕುತೂಹಲದಿಂದ ನೋಡಿದರು. ಕರೆಯುವ ಮನೆಗಳು ಕಡಿಮೆಯಾದವು. ಕಸುಬನ್ನೇ ಬಿಟ್ಟುಬಿಡಲು ಅವನು ನಿರ್ಧರಿಸಿದ.

ಆಗ ಒಂದು ಸೀಮಂತದ ಮನೆಯವರು ಹೇಳಿಕಳಿಸಿದರು. ಬಸುರಿಯ ಬಲಗೈ ಮೇಲೆ ಎಣ್ಣೆ ಸಿಡಿದು ಗಾಯವಾಗಿತ್ತು. ಮಾಯ್ದಿತ್ತಾದರೂ ಚರ್ಮ ಇನ್ನೂ ಎಳೆಯದು. ಬೇರೊಬ್ಬ ಬಳೆಗಾರ ಕೈ ಮುಟ್ಟದೆ ಹೊರಟುಹೋಗಿದ್ದ. ಬರಿಗೈಯಲ್ಲಿ ಹಸೆಗೆ ಕೂರಿಸಲು ಹಿರಿಯರಿಗೆ ಮನಸ್ಸಿಲ್ಲ. ಅಂಗಳದ ತುಂಬ ಜನ. ತನ್ನಿಂದಾಗದು ಎನ್ನಲು ಬಳೆಗಾರನೂ ಹೊರಟಿದ್ದ. ಆದರೆ ಅವಳು ಆಗಲೇ ಕೈ ಚಾಚಿದ್ದಳು. ಬಳೆಗಾರ ಕುಳಿತು ಆ ಕೈ ಹಿಡಿದ.

“ಎಲ್ಲಿ ನೋಯುತ್ತದೆ, ತಾಯಿ?” ಎಂದು ಅವನು ಮೆಲ್ಲಗೆ ಕೇಳಿದ.

“ಹೆಬ್ಬೆರಳ ಬುಡದಲ್ಲಿ. ನೋವು ತಡೆದುಕೊಳ್ಳುತ್ತೇನೆ, ಅಣ್ಣ. ಇಷ್ಟು ಜನರೆದುರು ಅತ್ತುಬಿಟ್ಟೇನೋ ಎಂದೇ ಭಯ.”

ಬಳೆಗಾರ ಅವಳ ಮುಖವನ್ನೇ ನೋಡತೊಡಗಿದ. ಹುಬ್ಬು ಗಂಟಿಕ್ಕಿದರೆ ನಿಲ್ಲಿಸಿದ. ಉಸಿರು ಸಡಿಲಾದಾಗ ಸರಿಸಿದ. ಒಂದೊಂದಾಗಿ ಹನ್ನೊಂದು ಬಳೆ ಏರಿದವು. ಒಂದೂ ಒಡೆಯಲಿಲ್ಲ. ಅವಳು ಅಳಲೂ ಇಲ್ಲ.

ಮನೆಗೆ ಬಂದಾಗ ಹೆಂಡತಿ, ಬಹಳ ಜನ ನೋಡುತ್ತಿದ್ದರೇ ಎಂದು ವಿಚಾರಿಸಿದಳು. ಬಳೆಗಾರ ನೆನಪಿಸಿಕೊಳ್ಳಲು ಯತ್ನಿಸಿದ. ಆ ಹೆಣ್ಣುಮಗಳ ಹುಬ್ಬೊಂದು ಬಿಟ್ಟು ಬೇರೇನೂ ನೆನಪಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಜನರನ್ನು ಹಾಗೆ ಮರೆಯಲು ಯಾವ ಅಭ್ಯಾಸ ಮಾಡಬೇಕೆಂದು ಮರುಳಯ್ಯ ಕೇಳಿದ.

ಗುರುಗಳು ಹೇಳಿದರು: “ಕತೆ ಶುರುವಾದಾಗಿನಿಂದ ನಾನು ನಿನ್ನನ್ನೇ ನೋಡುತ್ತಿದ್ದೆ, ಮರುಳಯ್ಯ, ನಿನಗೆ ಗೊತ್ತಾಯಿತೇ?”