ಬಿಗಿದ ಹ್ಯಾಂಡಲ್

ಹೊಳೆಯ ಈಚೆ ಆಶ್ರಮ, ಆಚೆ ಆಸ್ಪತ್ರೆ. ನಡುವೆ ಒಂದು ಮೊಳ ಅಗಲದ ಒಡ್ಡು. ಸುತ್ತಿನ ರಸ್ತೆ ಕೊಚ್ಚಿಹೋಗಿತ್ತು. ಒಡ್ಡಿನ ಮೇಲೆ ಸೈಕಲ್ ದೂಡಿಕೊಂಡು ಹೋಗುತ್ತೇನೆಂದರೆ ಒಂದು ಕಾಲು ನೀರಿನಲ್ಲೇ ಇಡಬೇಕು.

ಆಶ್ರಮದ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರ ಕಾಲಿನ ಗಾಯ ಕೀವಾಗಿ ಜ್ವರ ಏರಿತ್ತು. ಇವತ್ತೇ ಕರೆತರದಿದ್ದರೆ ಜೀವಕ್ಕೆ ಅಪಾಯ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು. ಜೊತೆಗಿದ್ದವನು ಶಿಷ್ಯ ಅಡಿವೆಪ್ಪ ಒಬ್ಬನೇ.

ಅಜ್ಜಾರನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಅವನೇ ಒಡ್ಡು ದಾಟಿಸಬೇಕಿತ್ತು. ಹೋದ ತಿಂಗಳು ಜೋಳದ ಚೀಲ ಹೇರಿಕೊಂಡು ಬರುವಾಗ ಇದೇ ಒಡ್ಡಿನ ಮೇಲೆ ಹ್ಯಾಂಡಲ್ ತೊನೆದಾಡಿ, ಚೀಲದ ಸಮೇತ ನೀರಿಗೆ ಬಿದ್ದಿದ್ದ. ಈಜು ಬಾರದವನನ್ನು ಮೀನುಗಾರರು ದಡಕ್ಕೆಳೆದಿದ್ದರು. ಅಂದಿನಿಂದ ಹೊಳೆಯ ಸದ್ದು ಕೇಳಿದರೆ ಊಟ ಸೇರುತ್ತಿರಲಿಲ್ಲ.

"ನನ್ನ ಕೈಲೆ ಆಗೂದಿಲ್ರಿ ಅಜ್ಜಾರ. ನಿಮ್ಮನ್ನ ಕೆಡವಿದೆ ಅಂದ್ರ?"

"ಸೈಕಲ್ ತಾ, ನೋಡೂಣು."

ಸನ್ಯಾಸಕ್ಕೆ ಮೊದಲು ಅಜ್ಜಾರು ಇಪ್ಪತ್ತು ವರ್ಷ ಸೈಕಲ್ ರಿಪೇರಿ ಮಾಡಿದವರು. ಕಟ್ಟೆಯ ಮೇಲೆ ಕೂತೇ ಹ್ಯಾಂಡಲ್ ತಿರುವಿದರು. ಅದು ಗೂಟದಂತೆ ನಿಂತಿತ್ತು.

"ಯಾರು ಇಷ್ಟು ಬಿಗದಾರ ಇದನ್ನ?"

"ನಾನರಿ. ಬಿದ್ದ ಮರುದಿನ. ಅಳ್ಳಾಡಬಾರ್ದು ಅಂತ."

"ಅಂಗಳದಾಗ ಒಂದ್ ಸುತ್ತು ಹೊಡಿ."

ಹೇರಿಲ್ಲ, ನೀರಿಲ್ಲ. ಆದರೂ ಬೇವಿನ ಮರ ದಾಟುವುದರೊಳಗೆ ಅಡಿವೆಪ್ಪ ಒರಗಿ ಬಿದ್ದ. ಹೆದರುವವರ ಮೇಲೆ ಕಪ್ಪೆ ಎಸೆದ ಹಾಗಾಯಿತು.

ಅಜ್ಜಾರು ಪಾನಾ ತರಿಸಿ ಹ್ಯಾಂಡಲಿನ ನಟ್ಟು ಸಡಿಲಿಸಿದರು. ಸೀಟು ಹಿಡಿದು ಸೈಕಲ್ಲನ್ನು ಎಡಕ್ಕೆ ವಾಲಿಸಿದರು. ಯಾರೂ ಮುಟ್ಟದೆ ಹ್ಯಾಂಡಲ್ ಎಡಕ್ಕೆ ತಿರುಗಿತು. ಬಲಕ್ಕೆ ವಾಲಿಸಿದರೆ ಬಲಕ್ಕೆ.

"ಮುಂದಿನ ಗಾಲಿ ಹಿಡಿಯೂ ಫೋರ್ಕ್ ಓರೆ ಇಟ್ಟದ್ದು ಇದಕ್ಕ. ಬೀಳೂ ಕಡೆ ಗಾಲಿ ತಾನ ಓಡಿಹೋಗಿ ಎತ್ತತೈತಿ. ನೀ ಅದರ ಕೈಕಾಲು ಕಟ್ಟಿದ್ದಿ."

"ಮದಲ ಬಿದ್ದಾಗ ಸಡ್ಲ ಇತ್ತಲ್ರಿ?"

"ಚೀಲ ಎಲ್ಲಿ ಕಟ್ಟಿದ್ದಿ?"

"ಕ್ಯಾರಿಯರ್ ತುದೀಗೆ. ಬೆನ್ನಿಗೆ ಒತ್ತಬಾರ್ದಂತ."

"ಭಾರ ಹಿಂದಕ್ಕ ಸರದ್ರ ಮುಂದಿನ ಗಾಲಿ ಹಗರ ಆಗತೈತಿ. ಅದಕ್ಕ ದಾರಿ ಹಿಡಿಯಾಕ ಆಗೂದಿಲ್ಲ."

ಅಜ್ಜಾರು ಕ್ಯಾರಿಯರ್ ಏರಿ, ಮುಂದಕ್ಕೆ ಸರಿದು, ಅವನ ಬೆನ್ನಿಗೆ ಅಂಟಿ ಕೂತರು. "ನಡಿ."

ಒಡ್ಡಿನ ಮೇಲೆ ಹ್ಯಾಂಡಲ್ ನಡುಗತೊಡಗಿತು. ಅಡಿವೆಪ್ಪನ ಬೆರಳುಗಳು ತಾವಾಗಿ ಬಿಗಿಯುತ್ತಿದ್ದವು. ಸಡಿಲಿಸಿದರೆ ಮತ್ತೆ ಬಿಗಿಯುತ್ತಿದ್ದವು. ನಟ್ಟನಡುವೆ ಸೈಕಲ್ ಎಡಕ್ಕೆ ವಾಲಿತು. ಕೆಳಗೆ ಕೆಂಪು ನೀರು. ಸತ್ತೆವು ಅಂದುಕೊಂಡ.

ಹ್ಯಾಂಡಲ್ ಎಡಕ್ಕೆ ಹೊರಳಿತು. ಅವನು ತಡೆಯಲಿಲ್ಲ. ಸೈಕಲ್ ಎದ್ದು ನಿಂತು ಮುಂದೆ ಹೋಯಿತು.

ಆಚೆ ದಂಡೆಯಲ್ಲಿ ಇಳಿದಾಗ ಅವನಿಗೆ ಅಳುವೇ ಬಂತು.

"ಇನ್ನೂ ಹೆದರಿಕಿ ಹೋಗಿಲ್ರಿ ನನಗ. ನಿಮಗ ಆಗಲೇ ಇಲ್ಲೇನ್ರಿ?"

ಅಜ್ಜಾರು ಎರಡೂ ಕೈ ಚಾಚಿ ತೋರಿಸಿದರು. ಬೆರಳುಗಳು ಗಡಗಡ ನಡುಗುತ್ತಿದ್ದವು.

"ಹ್ಯಾಂಡಲ್ ನಡುಗ್ತು, ನೀ ನಡುಗಿದಿ, ನಾ ನಡುಗಿದೆ. ನಡುಗಕೋತನ ದಂಡಿ ಮುಟ್ಟಿದ್ವಿ."