ಏಕಾದಶಿಯ ಅಳತೆ

"ಒಂದೂ ತಪ್ಪಾಗದಂತೆ ಅಡುಗೆಮನೆ ಕಟ್ಟಿಸುವುದು ಹೇಗೆ, ಗುರುಗಳೇ?" ಎಂದು ಶಿಷ್ಯ ಕೇಳಿದ.

ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಆಶ್ರಮದ ಹಳೆಯ ಅಡುಗೆಮನೆಯನ್ನು ಹೊಸದು ಮಾಡಿಸುವ ಕೆಲಸ ಪುಂಡಲೀಕ ಎಂಬ ಆ ಶಿಷ್ಯನ ಪಾಲಿಗೆ ಬಂದಿತ್ತು. ಅಡುಗೆಯ ತುಂಗಕ್ಕ ಮಗಳ ಬಾಣಂತನಕ್ಕೆಂದು ಹೋಗಿದ್ದರು. ಅವರು ತಿರುಗಿ ಬರುವಷ್ಟರಲ್ಲಿ ಎಲ್ಲ ಮುಗಿಸಿ ಬೆರಗುಗೊಳಿಸಬೇಕೆಂಬುದು ಪುಂಡಲೀಕನ ಆಸೆ. ಎರಡು ವಾರದಿಂದ ಆಶ್ರಮದವರು ಅವಲಕ್ಕಿ, ಬಾಳೆಹಣ್ಣು, ಊರವರು ಕಟ್ಟಿಕೊಟ್ಟ ಬುತ್ತಿಯಲ್ಲಿ ದಿನ ತಳ್ಳುತ್ತಿದ್ದರು. ಮರುದಿನ ಬೆಳಿಗ್ಗೆ ಮೇಸ್ತ್ರಿ ಹಾರೆ ಹಿಡಿದು ಬರುವವನಿದ್ದ. ನಕ್ಷೆ ಗುರುಗಳ ಮುಂದೆ ಹರಡಿತ್ತು.

ಗುರುಗಳು ನಕ್ಷೆಯನ್ನು ನೋಡಿ ಗೆರೆಗಳು ನೇರವಾಗಿವೆ ಎಂದರು. ಆಮೇಲೆ ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನ ಹೆಂಡತಿ ಮೂವತ್ತು ವರ್ಷ ಒಂದೇ ಅಡುಗೆಮನೆಯಲ್ಲಿ ಬೇಯಿಸಿದ್ದಳು. ಗೋಡೆ ಹೊಗೆಗೆ ಕಪ್ಪಾಗಿತ್ತು. ನೆಲ ಒಂದು ಕಡೆ ಏರು, ಒಂದು ಕಡೆ ತಗ್ಗು. ಒಂದು ಚಳಿಗಾಲದಲ್ಲಿ ಅವಳಿಗೆ ಮಂಡಿನೋವು ಶುರುವಾಯಿತು. ಒಂದು ದಿನ ಬಡಿಸಲು ಬಗ್ಗಿದವಳು ಏಳಲಾರದೆ ಗೋಡೆ ಹಿಡಿದಳು. ಎಲೆಯ ಮುಂದೆ ಕೂತಿದ್ದ ವರ್ತಕ ಅದನ್ನು ನೋಡಿದ. ಅನ್ನ ಕಲಸುತ್ತಿದ್ದ ಕೈ ನಿಂತಿತು. ಇವಳು ಎಲ್ಲಾದರೂ ಬಿದ್ದು ಮಲಗುವ ಮೊದಲು ಈ ಅಡುಗೆಮನೆ ಬದಲಾಗಬೇಕು ಎಂದು ಅಲ್ಲೇ ನಿಶ್ಚಯಿಸಿದ.

ಅವಸರದ ಆಸಾಮಿಯಲ್ಲ. ಹೊಸ ಅಡುಗೆಮನೆ ಮಾಡಿಸಿದವರ ಮನೆಗಳಿಗೆ ಒಂದೊಂದಾಗಿ ಹೋದ. ಅವರು ಅಂದಚೆಂದ ತೋರಿಸಲು ಬಂದರೆ ಇವನು ತಪ್ಪುಗಳನ್ನು ಕೇಳಿದ. ಮೊದಮೊದಲು ಮುಖ ಸಿಂಡರಿಸಿದವರೂ ಆಮೇಲೆ ಮನಸ್ಸು ಬಿಚ್ಚಿದರು. ಒಬ್ಬ ಒಲೆಯನ್ನು ಕಿಟಕಿಯ ಕೆಳಗೆ ಹಾಕಿಸಿದ್ದ. ಗಾಳಿ ಬೀಸಿದಾಗಲೆಲ್ಲ ಬೆಂಕಿ ಆರುತ್ತಿತ್ತು. ಇನ್ನೊಬ್ಬನ ಮನೆಯಲ್ಲಿ ಬಾಗಿಲು ತೆರೆದರೆ ನೀರಿನ ಹಂಡೆಗೆ ಬಡಿಯುತ್ತಿತ್ತು. ಮತ್ತೊಬ್ಬ ಹಲಗೆಗಳನ್ನು ಎಷ್ಟು ಎತ್ತರಕ್ಕೆ ಹಾಕಿಸಿದ್ದನೆಂದರೆ, ಅವನ ತಾಯಿಗೆ ಸಾಸಿವೆ ಬೇಕಾದರೆ ಉದ್ದದ ಅಳಿಯ ಊರಿಂದ ಬರಬೇಕಿತ್ತು. ವರ್ತಕ ಎಲ್ಲವನ್ನೂ ಬರೆದುಕೊಂಡ. ಊರಿನ ತಪ್ಪುಗಳೆಲ್ಲ ಒಂದು ಹಾಳೆಯ ಮೇಲೆ ಬಂದು ಕೂತವು. ಇವುಗಳಲ್ಲಿ ಒಂದೂ ನನ್ನ ಮನೆಗೆ ಕಾಲಿಡಕೂಡದು ಎಂದುಕೊಂಡ.

ಹೆಂಡತಿಯನ್ನೂ ಕೇಳಿದ. ಕೇಳದೆ ಮಾಡುವ ಗಂಡನಲ್ಲ. ಏನೇನು ಬೇಕು ಹೇಳು ಎಂದ. ಅವಳು ಒಂದು ಕಿಟಕಿ ಬೇಕೆಂದಳು, ಕೈಗೆಟಕುವ ಹಲಗೆ ಬೇಕೆಂದಳು. ಸ್ವಲ್ಪ ಯೋಚಿಸಿ, ನೆಲ ಮಟ್ಟವಾಗಿದ್ದರೆ ಸಾಕು ಎಂದಳು. ಅದನ್ನೂ ಬರೆದುಕೊಂಡ.

ಉಳಿದದ್ದು ಅಳತೆ. ಅದೇ ಕಷ್ಟವಾಯಿತು. ಅದು ಮಡಿಯ ಮನೆ. ಹೆಂಡತಿ ಮಿಂದು ಮಡಿಸೀರೆ ಉಟ್ಟು ಒಲೆ ಹೊತ್ತಿಸಿದಳೆಂದರೆ ಅಡುಗೆ ಮುಗಿಯುವ ತನಕ ಗಂಡನೂ ಹೊಸಿಲು ದಾಟುವಂತಿರಲಿಲ್ಲ. ಮೂವತ್ತು ವರ್ಷ ಅವಳ ಕೈಯಡುಗೆ ಉಂಡವನು, ಅವಳು ಅಡುಗೆ ಮಾಡುವುದನ್ನು ಒಂದು ದಿನವೂ ಕಂಡವನಲ್ಲ. ಇನ್ನು ಮೇಸ್ತ್ರಿಯ ಮಾತೆಲ್ಲಿ. ಒಂದು ಹೊತ್ತಿನ ಅಡುಗೆ ಮುಗಿಯುವಷ್ಟರಲ್ಲಿ ಇನ್ನೊಂದು ಹೊತ್ತಿನದು ಶುರುವಾಗುತ್ತಿತ್ತು. ಹಾಗಾಗಿ ಏಕಾದಶಿಯ ತನಕ ಕಾದ. ಅಂದು ಮನೆಯವರಿಗೆಲ್ಲ ಉಪವಾಸ. ಒಲೆ ತಣ್ಣಗಿತ್ತು. ಪಾತ್ರೆಗಳು ಬೆಳಗಿ ಬೋರಲು ಬಿದ್ದಿದ್ದವು. ಹೆಂಡತಿ ದೇವರ ಮುಂದೆ ಕೂತಿದ್ದಳು. ವರ್ತಕ, ಮೇಸ್ತ್ರಿ ಇಬ್ಬರೂ ಒಳಗೆ ಹೋಗಿ, ಗೋಡೆಯಿಂದ ಗೋಡೆಗೆ ದಾರ ಹಿಡಿದು, ಯಾರ ಕಾಟವೂ ಇಲ್ಲದೆ ಅಳೆದರು.

ಒಲೆಯ ಪಕ್ಕದಲ್ಲಿ ನೆಲಕ್ಕೆ ಹುಗಿದ ಒಂದು ಕಲ್ಲಿತ್ತು. ಮೊಳದುದ್ದ. ಒಂದು ಕಡೆಗೆ ಇಳಿಜಾರು. ನಡುವೆ ಸವೆದು ತಗ್ಗು ಬಿದ್ದಿತ್ತು. ಮೇಸ್ತ್ರಿ ಅದನ್ನು ಕಾಲಿನಿಂದ ಒತ್ತಿ ನೋಡಿ, "ಇದೇನು ಸ್ವಾಮಿ, ಎಡವಲಿಕ್ಕೇ ಅಂತ ಇಟ್ಟದ್ದೊ?" ಎಂದ. ವರ್ತಕ ನಕ್ಕ. ನಗು ಮುಗಿಯುವ ಮೊದಲೇ ಅವನಿಗೆ ಹೆಂಡತಿಯ ಮಂಡಿ ನೆನಪಾಯಿತು. ಮೊದಲು ಇದನ್ನು ಕಿತ್ತುಬಿಡು ಎಂದ.

ಕೆಲಸ ಮುಗಿಯುವ ತನಕ ಹೆಂಡತಿ ತಂಗಿಯ ಮನೆಯಲ್ಲಿದ್ದಳು. ಎರಡು ತಿಂಗಳಾದ ಮೇಲೆ ಒಂದು ಸಂಜೆ ಬಂದಳು. ಕಿಟಕಿಯ ಮುಂದೆ ನಿಂತು ಕೈ ಹೊರಗೆ ಚಾಚಿ ಗಾಳಿ ನೋಡಿದಳು. ಹಲಗೆಯ ಮೇಲಿಂದ ಡಬ್ಬಿ ತೆಗೆದು ಮತ್ತೆ ಅಲ್ಲೇ ಇಟ್ಟಳು. ನೆಲದ ಮೇಲೆ ಗೋಡೆ ಹಿಡಿಯದೆ ನಡೆದಳು. ವರ್ತಕನಿಗೆ ಅಷ್ಟು ಸಾಕಾಯಿತು. ಹಾಳೆ ತೆಗೆದು ಒಂದೊಂದು ತಪ್ಪಿನ ಮೇಲೂ ಗೆರೆ ಎಳೆದ.

ಮರುದಿನ ಮೊದಲ ಅಡುಗೆ. ವರ್ತಕ ಜಗಲಿಯಲ್ಲಿ ಕೂತು ಕಿವಿಗೊಟ್ಟ. ಸೌದೆ ಮುರಿದ ಸದ್ದು ಬಂತು. ಅಕ್ಕಿ ತೊಳೆದ ಸದ್ದು ಬಂತು. ಬಹಳ ಹೊತ್ತಿನ ಮೇಲೆ ಹಿತ್ತಾಳೆಯ ತಪ್ಪಲೆ ಆ ಮಟ್ಟವಾದ ನೆಲದ ಮೇಲೆ ಉರುಳಿದ ಸದ್ದು ಬಂತು.

ಓಡಿಹೋಗಿ ಹೊಸಿಲಲ್ಲಿ ನಿಂತ. ಅನ್ನ ಅರ್ಧ ಕೋಣೆಗೆ ಚೆಲ್ಲಿತ್ತು. ಹೆಂಡತಿ ಎಡಗಾಲನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದಳು. ಪಾದ ಬೆಂದು ಕೆಂಪಾಗಿತ್ತು. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಅವನು ಒಲೆ ಉರಿಯುತ್ತಿರುವಾಗ ಮಡಿಯ ಹೊಸಿಲು ದಾಟಿದ. ಕಾಲಿಗೆ ತಣ್ಣೀರು ಹೊಯ್ಯುತ್ತ ಏನಾಯಿತೆಂದು ಕೇಳಿದ. ಗಂಜಿ ಬಸಿಯಲು ನೋಡಿದೆ, ಕಲ್ಲು ಇರಲಿಲ್ಲ, ಮೋರಿಗೆ ಹೊರಟೆ ಎಂದಳು.

ಆಗ ತಿಳಿಯಿತು. ಮೂವತ್ತು ವರ್ಷ ಅವಳು ಕುದಿಯುವ ತಪ್ಪಲೆಯನ್ನು ಹೊತ್ತೇ ಇರಲಿಲ್ಲ. ಒಲೆಯಿಂದ ಕಲ್ಲಿನ ಮೇಲಕ್ಕೆ ಸರಿಸಿ ಬಾಗಿಸುತ್ತಿದ್ದಳು. ಗಂಜಿ ಇಳಿಜಾರಿನಲ್ಲಿ ಹರಿದು ಕೆಳಗಿಟ್ಟ ಬೋಗುಣಿಗೆ ಬೀಳುತ್ತಿತ್ತು. ಈಗ ಮೋರಿ ಕೋಣೆಯ ಆಚೆ ಮೂಲೆಯಲ್ಲಿತ್ತು. ನೋಡಲು ಒಪ್ಪ. ಎಂಟು ಹೆಜ್ಜೆ ದೂರ. ಐದನೆಯದಕ್ಕೆ ಮಂಡಿ ಕೈಕೊಟ್ಟಿತ್ತು. ಏಕಾದಶಿಯಂದು ಅನ್ನವಿಲ್ಲ, ಅನ್ನವಿಲ್ಲದ ದಿನ ಆ ಕಲ್ಲಿಗೆ ಕೆಲಸವೂ ಇಲ್ಲ.

"ಒಂದು ಮಾತು ಮೊದಲೇ ಹೇಳಬಾರದಿತ್ತೆ?" ಎಂದ. ಬಯ್ಯಲಿಕ್ಕಲ್ಲ, ಸಂಕಟಕ್ಕೆ.

"ನೀವು ಏನು ಬೇಕು ಅಂತ ಕೇಳಿದಿರಿ" ಎಂದಳು. "ಕಲ್ಲು ಇತ್ತಲ್ಲ."

ನಿನ್ನೆ ಸಂಜೆ ಕೋಣೆಯೆಲ್ಲ ಸುತ್ತಿದರೂ ಅವಳಿಗೆ ಕಲ್ಲಿನ ನೆನಪಾಗಿರಲಿಲ್ಲ. ಅದು ಅವಳ ಕೈಗೆ ಗೊತ್ತಿತ್ತೇ ಹೊರತು ಬಾಯಿಗೆ ಗೊತ್ತಿರಲಿಲ್ಲ. ತಪ್ಪಲೆ ಹಿಡಿದ ಮೇಲೆ ಕೈ ಅದನ್ನು ಹುಡುಕಿತು.

ಪಾದ ಮಾಯಲು ಒಂದು ತಿಂಗಳು ಹಿಡಿಯಿತು. ಆ ತಿಂಗಳು ವರ್ತಕ ಮಿಂದು, ಮಡಿ ಉಟ್ಟು, ತಾನೇ ಒಲೆಯ ಮುಂದೆ ಕೂತ. ಹೆಂಡತಿ ಹೊಸಿಲ ಬಳಿ ಮಣೆ ಹಾಕಿಕೊಂಡು ಕಾಲು ನೀಡಿ ಹೇಳಿಕೊಟ್ಟಳು. ಎರಡನೆಯ ದಿನ ಬೆರಳು ಸುಟ್ಟುಕೊಂಡ. ಮೂರನೆಯ ದಿನ ಹಿತ್ತಿಲಿಗೆ ಹೋಗಿ, ಬಾವಿಯ ಬಳಿ ಬಟ್ಟೆ ಒಗೆಯಲು ಹಾಕಿದ್ದ ಕಲ್ಲನ್ನು ಉರುಳಿಸಿಕೊಂಡು ತಂದ. ಅಳತೆಯ ದಾರ ತೆಗೆಯಲಿಲ್ಲ. ತಪ್ಪಲೆ ಹಿಡಿದ ಕೈ ಎಲ್ಲಿಗೆ ಹೋಯಿತೋ ಅಲ್ಲಿ ಹುಗಿದ. ಸಾರಿಗೆ ಉಪ್ಪು ಮರೆತ ದಿನಗಳೂ ಇದ್ದವು. ಹೆಂಡತಿ ಉಂಡು ಸುಮ್ಮನಿದ್ದಳು. ಸುಮ್ಮನಿದ್ದುದರಿಂದಲೇ ಅವನಿಗೆ ಗೊತ್ತಾಗುತ್ತಿತ್ತು.

ತಿಂಗಳು ಮುಗಿಯುವಷ್ಟರಲ್ಲಿ ಹೊಸ ಅಡುಗೆಮನೆಯನ್ನು ನಾಲ್ಕು ಕಡೆ ಒಡೆದಿದ್ದ. ನೋಡಲು ಬಂದವರು ಇಷ್ಟು ಒಳ್ಳೆಯ ನೆಲವನ್ನು ಹೀಗೇಕೆ ಕೆಡಿಸಿದಿರಿ ಎಂದು ಕೇಳಿದರೆ, ಊಟಕ್ಕೆ ನಿಲ್ಲಿ ಎನ್ನುತ್ತಿದ್ದ.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು.

ಪುಂಡಲೀಕ ತಲೆದೂಗಿದ. ಹೆಂಡತಿಯನ್ನು ಕೇಳಿ ಮಾಡಬೇಕಿತ್ತು ಎಂದು ಕತೆಯ ನೀತಿಯನ್ನು ತಾನೇ ಹೆಕ್ಕಿ ಕೊಟ್ಟ. ಕೇಳಿದ್ದನಲ್ಲ ಎಂದರು ಗುರುಗಳು. ಹಾಗಾದರೆ ಕಲ್ಲನ್ನು ಕೀಳಬಾರದಿತ್ತು ಎಂದ ಪುಂಡಲೀಕ. ಅಂಥ ಕಲ್ಲು ನಮ್ಮಲ್ಲಿಲ್ಲ, ಮೂಲೆಮೂಲೆ ನೋಡಿದ್ದೇನೆ ಎಂದೂ ಸೇರಿಸಿದ. ಒಲೆಯ ಹಿಂದಿನ ಗೋಡೆಯಲ್ಲಿ ಯಾವ ಕಾಲದ್ದೋ ಒಂದು ತೂತು ಮಾತ್ರ ಇದೆ, ನಾಳೆ ಮೊದಲು ಅದನ್ನು ಮುಚ್ಚಿಸುತ್ತೇನೆ ಎಂದ.

ಗುರುಗಳು ನಕ್ಷೆಯನ್ನು ಮಡಿಸಿ ಅವನ ಕೈಗೆ ಕೊಟ್ಟರು.

"ಮೇಸ್ತ್ರಿ ನಾಳೆ ಬರುತ್ತಾನೆ ಅಂದೆ. ತುಂಗಕ್ಕ ಯಾವತ್ತು ಬರುತ್ತಾರೆ?"